ಮಾಡದಲ್ಲಿ ಸಿಕ್ಕ ನೀಲಿ ಜಾಡಿ: ಎಲ್ಲಿಂದ ನೋಡಬೇಕು, ಏನೆಂದು ಓದಬೇಕು?

ನಿಮ್ಮ ಪ್ರಶ್ನೆ ಇಷ್ಟು: ಹುಬ್ಬಳ್ಳಿಯ ಹಳೆಯ ಮನೆ ಬಿಚ್ಚುವಾಗ ಅಡಿಗೆಮನೆಯ ಮಾಡದಲ್ಲಿ ಮುಚ್ಚಳವಿರುವ ಒಂದು ಪಿಂಗಾಣಿ ಜಾಡಿ ಸಿಕ್ಕಿದೆ. ಎತ್ತರ 16 ಸೆಂ.ಮೀ., ಅಂದರೆ ಗೇಣಿಗಿಂತ ಕಡಿಮೆ. ಬಿಳಿ ಮೈ, ಸುತ್ತಲೂ ನೀಲಿ ಬಳ್ಳಿ, ಎರಡು ಬದಿಗೂ ಏಣಿಯಂತೆ ಕಾಣುವ ಜೋಡಿ ಅಕ್ಷರ, ತಳದಲ್ಲಿ ಎರಡು ಉಂಗುರದೊಳಗೆ ನಾಲ್ಕು ಅಕ್ಷರ. ಇದರ ಅರ್ಥವೇನು, ಚೆಂದ ಎಲ್ಲಿದೆ, ಇದರಲ್ಲಿ ಉಪ್ಪಿನಕಾಯಿ ಹಾಕಬಹುದೇ?

ಕೊನೆಯದಕ್ಕೆ ಮೊದಲು ಉತ್ತರ: ಹಾಕಬೇಡಿ. ಕಾರಣ ಮುಂದೆ ಬರುತ್ತದೆ. ಅರ್ಥದ ಬಗ್ಗೆ: ಆ ಜೋಡಿ ಅಕ್ಷರ ಚೀನಾದ ಮದುವೆಯ ಗುರುತು. ನಿಮ್ಮ ಕೈಯಲ್ಲಿರುವುದು ಒಂದು ಮಂಗಳದ ಜಾಡಿ. ಆದರೆ ಅಕ್ಷರದಿಂದ ನೋಡಲು ಶುರು ಮಾಡಬೇಡಿ. ಅರ್ಥ ಗೊತ್ತಾದ ತಕ್ಷಣ ಕಣ್ಣು ನೋಡುವುದನ್ನು ನಿಲ್ಲಿಸುತ್ತದೆ. ಮೊದಲು ಮೈ, ಆಮೇಲೆ ಬಣ್ಣ, ಆಮೇಲೆ ಅರ್ಥ.

ಮೊದಲು ನೆಲದ ಮೇಲೆ ಮಡಿಚಿದ ಕೌದಿ ಹಾಸಿ ಕುಳಿತುಕೊಳ್ಳಿ. ಟೇಬಲ್ಲು, ಕಟ್ಟೆ ಬೇಡ. ಉಂಗುರ, ಬಳೆ ತೆಗೆದಿಡಿ. ಮುಚ್ಚಳವನ್ನು ಬೇರೆ ಇಟ್ಟು, ಒಂದು ಕೈ ತಳಕ್ಕೆ, ಒಂದು ಕೈ ಹೊಟ್ಟೆಗೆ ಕೊಟ್ಟು ಎತ್ತಿ. ಕಂಠ ಹಿಡಿದು ಎತ್ತಬಾರದು. ಹಳೆಯ ಜಾಡಿಗಳು ಮುರಿಯುವುದು ಬಹಳ ಸಲ ಅಲ್ಲಿಯೇ.

ಈಗ ಚಿತ್ರ ಮರೆತು, ಬೆಳಕಿಗೆ ಎದುರಾಗಿ ಹಿಡಿದು ಹೊರಗೆರೆ ಮಾತ್ರ ನೋಡಿ. ಈ ಬಗೆಯ ಜಾಡಿಯಲ್ಲಿ ಅತಿ ಅಗಲದ ಜಾಗ ನಟ್ಟನಡುವೆ ಇರುವುದಿಲ್ಲ, ಮೇಲೆ ಭುಜದ ಹತ್ತಿರ ಇರುತ್ತದೆ. ಅಲ್ಲಿಂದ ಕೆಳಕ್ಕೆ ನಿಧಾನವಾಗಿ ಸಣ್ಣಗಾಗುತ್ತ ಬಂದು ಪಾದದ ಹತ್ತಿರ ನಿಲ್ಲುತ್ತದೆ, ಕೆಲವುಗಳಲ್ಲಿ ತುಸು ಹೊರಕ್ಕೂ ಚಾಚುತ್ತದೆ. ಭುಜ ಎತ್ತರದಲ್ಲಿರುವುದರಿಂದಲೇ ಗೇಣಿಗಿಂತ ಸಣ್ಣ ಜಾಡಿ ಎದೆ ಎತ್ತಿ ನಿಂತಂತೆ ಕಾಣುತ್ತದೆ. ನಮ್ಮ ನೀರಿನ ಗಡಿಗೆಯ ಅಗಲ ನಡುಹೊಟ್ಟೆಯಲ್ಲಿದೆ. ಅದರ ತಳ ಗುಂಡು, ಸಿಂಬಿ ಇಲ್ಲದೆ ಕೂರುವುದಿಲ್ಲ. ಒಲೆಯ ಮೂರು ಗುಂಡಿನ ಮೇಲೆ, ತಲೆಯ ಮೇಲೆ, ಮರಳಿನ ಮೇಲೆ ಕೂರಲೆಂದೇ ಆ ಆಕಾರ. ಈ ಜಾಡಿಗೆ ಸಿಂಬಿ ಮೈಗೇ ಅಂಟಿಕೊಂಡಿದೆ ಅನ್ನಿ. ತಳದ ಪಾದ-ಉಂಗುರವೇ ಆ ಸಿಂಬಿ.

ಇಂಥ ಗೆರೆ ನೋಡುವ ಕಣ್ಣು ಬೇಕೆಂದರೆ ದೂರ ಹೋಗಬೇಕಿಲ್ಲ. ಗದಗಿನಿಂದ ಸುಮಾರು 12 ಕಿ.ಮೀ. ದೂರದ ಲಕ್ಕುಂಡಿಗೆ ಒಂದು ಮುಂಜಾನೆ ಹೋಗಿ, ಕಾಶಿವಿಶ್ವೇಶ್ವರ ಮತ್ತು ನನ್ನೇಶ್ವರ ಗುಡಿಗಳ ತಿರುಗಣಿ ಕಂಬಗಳ ಎದುರು ನಿಲ್ಲಿ. ಬಳಪದ ಕಲ್ಲನ್ನು ತಿರುಗಿಸುತ್ತ ಕಡೆದ ಆ ಕಂಬಗಳಲ್ಲಿ ಕುಂಭದಂತೆ ಉಬ್ಬುವ ಭಾಗ ಎಲ್ಲಿ ತುಂಬಿಕೊಳ್ಳುತ್ತದೆ, ಎಲ್ಲಿ ಥಟ್ಟನೆ ಸಣ್ಣ ಅಂಚಾಗಿ ಮುರಿಯುತ್ತದೆ ನೋಡಿ. ಕಂಬ ಕಲ್ಲಿನದು, ಜಾಡಿ ಮಣ್ಣಿನದು. ಎರಡೂ ತಿರುಗುತ್ತ ಹುಟ್ಟಿದವು, ಹಾಗಾಗಿ ಎರಡರ ಚೆಂದವೂ ಉಬ್ಬಿನಲ್ಲಿ ಮತ್ತು ಉಬ್ಬು ನಿಲ್ಲುವ ಜಾಗದಲ್ಲಿ ಇದೆ. ಜಾಡಿಯಲ್ಲಿ ಭುಜ ಕಂಠವನ್ನು ಸೇರುವ ಮೂಲೆ ಚೊಕ್ಕವಾಗಿದೆಯೇ, ಕರಗಿದಂತೆ ಇದೆಯೇ ಎಂಬುದರಲ್ಲೇ ಮಾಡಿದವನ ಕೈ ಗೊತ್ತಾಗುತ್ತದೆ.

ಒಳಗೆ ಬೆರಳು ಹಾಕಿ ಹೊಟ್ಟೆಯ ಸುತ್ತ ಸವರಿ. ಅಡ್ಡಲಾಗಿ ಒಂದು ಸಣ್ಣ ಏರು ಸಿಕ್ಕರೆ ಜಾಡಿಯನ್ನು ಎರಡು ಭಾಗವಾಗಿ ಮಾಡಿ, ತೆಳು ಮಣ್ಣಿನ ಕೆಸರಿನಿಂದ ಬೆಸೆದಿದ್ದಾರೆ ಎಂದರ್ಥ. ಅದು ದೋಷವಲ್ಲ, ಹಳೆಯ ಕ್ರಮ. ಏರು ಇಲ್ಲದೆ ಒಳಮೈ ಗಾಜಿನ ಲೋಟದಂತೆ ನುಣುಪಾಗಿದ್ದು, ಹೊರಗೆ ಉದ್ದುದ್ದ ಮಸುಕು ಗೆರೆ ಕಂಡರೆ ಅಚ್ಚಿನಲ್ಲಿ ಸುರಿದು ಮಾಡಿದ ಇತ್ತೀಚಿನ ಜಾಡಿ.

ಇನ್ನು ಮಣ್ಣು. ಪಿಂಗಾಣಿಗೆ ಬೇಕಾದ ಬಿಳಿ ಮಣ್ಣಿನ ಹೆಸರು ಕೆಯೋಲಿನ್. ಚೀನಾದ ಜಿಂಗ್‌ಡೆಜೆನ್ ಊರಿನ ಹತ್ತಿರದ ಗಾವೊಲಿಂಗ್ ಗುಡ್ಡದಿಂದ ಆ ಹೆಸರು ಬಂತು. ಅದಕ್ಕೆ ಪುಡಿ ಮಾಡಿದ ಒಂದು ಬಗೆಯ ಬಿಳಿ ಕಲ್ಲು ಸೇರಿಸಿ, ಸುಮಾರು 1300 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಡುತ್ತಾರೆ. ನಮ್ಮ ಕುಂಬಾರರ ಆವಿಗೆಯ ಕಾವು 800ರ ಆಚೀಚೆ. ಈ 500 ಡಿಗ್ರಿಯ ಅಂತರದಲ್ಲಿ ಮಣ್ಣಿನ ಸ್ವಭಾವವೇ ಬದಲಾಗುತ್ತದೆ. ಗಡಿಗೆಯ ಮೈಯಲ್ಲಿ ಸಣ್ಣ ರಂಧ್ರ ಉಳಿಯುತ್ತವೆ, ನೀರು ಜಿನುಗುತ್ತದೆ, ಅದಕ್ಕೇ ನೀರು ತಂಪು. ಪಿಂಗಾಣಿಯಲ್ಲಿ ಕಲ್ಲಿನ ಪುಡಿ ಕರಗಿ ರಂಧ್ರಗಳನ್ನೆಲ್ಲ ತುಂಬಿ ಅರ್ಧ ಗಾಜಿನಂತಾಗುತ್ತದೆ. ಹಾಗಾಗುವಾಗ ಪಾತ್ರೆ ಕುಗ್ಗುತ್ತದೆ, ಹಸಿಯಾಗಿದ್ದಾಗಿನ ಅಳತೆಗಿಂತ ನೂರಕ್ಕೆ 12ರಿಂದ 15ರಷ್ಟು. ಅಂದರೆ ನಿಮ್ಮ 16 ಸೆಂ.ಮೀ. ಜಾಡಿ ತಿಗರಿಯ ಮೇಲೆ 18 ಸೆಂ.ಮೀ. ದಾಟಿತ್ತು. ಕುಗ್ಗುವಾಗ ಒಂದು ಬದಿ ಹೆಚ್ಚು ಕುಗ್ಗಿದರೆ ಜಾಡಿ ವಾಲುತ್ತದೆ. ಸಮನೆಲದ ಮೇಲಿಟ್ಟು ತುಸು ವಾಲಿದೆಯೇ ನೋಡಿ. ಅಷ್ಟಿಷ್ಟು ವಾಲಿಗೆ ಬೇಸರ ಬೇಡ.

ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಬೆರಳ ಗೆಣ್ಣಿನಿಂದ ಬಾರಿಸಿ ನೋಡುತ್ತೇವಲ್ಲ, ಇಲ್ಲಿಯೂ ಅದೇ ಪರೀಕ್ಷೆ. ಆದರೆ ಗೆಣ್ಣು ಬೇಡ, ಉಗುರು ಸಾಕು. ಅಂಗೈ ಮೇಲೆ ಸಡಿಲವಾಗಿ ಕೂರಿಸಿ ಅಂಚಿಗೆ ಮೆಲ್ಲಗೆ ತಟ್ಟಿ. ಟಣ್ ಎಂದು ತುಸು ಹೊತ್ತು ಉಳಿಯುವ ದನಿ ಬಂದರೆ ಗಟ್ಟಿ ಇದೆ. ಥಪ್ ಎಂದು ಸತ್ತರೆ ಎಲ್ಲಿಯೋ ಕೂದಲೆಳೆಯ ಬಿರುಕಿದೆ. ಬಿಗಿಯಾಗಿ ಹಿಡಿದು ತಟ್ಟಿದರೆ ಗಟ್ಟಿ ಜಾಡಿಯೂ ಥಪ್ ಎನ್ನುತ್ತದೆ, ಮೋಸ ಹೋಗಬೇಡಿ.

ಈಗ ನೀಲಿಗೆ ಬನ್ನಿ. ನನ್ನ ಮಟ್ಟಿಗೆ ಈ ಜಾಡಿಯ ಜೀವ ಇರುವುದು ಇಲ್ಲಿ.

ಈ ನೀಲಿ ಕೋಬಾಲ್ಟ್ ಅದಿರಿನದು. ಒಣಗಿದ, ಇನ್ನೂ ಸುಡದ ಬಿಳಿ ಮೈಮೇಲೆ ನೇರವಾಗಿ ಕುಂಚದಿಂದ ಬರೆಯುತ್ತಾರೆ. ಬರೆಯುವಾಗ ಅದು ನೀಲಿಯಾಗಿರುವುದಿಲ್ಲ, ಕಪ್ಪು-ಬೂದು ಕೆಸರಿನಂತಿರುತ್ತದೆ. ಅದರ ಮೇಲೆ ಗ್ಲೇಜ್, ಅಂದರೆ ಗಾಜಿನ ಮೆರುಗಿನ ಲೇಪ ಹಾಕಿ ಸುಟ್ಟ ಮೇಲೆಯೇ ನೀಲಿ ಹೊರಬರುವುದು. ಹಸಿಮೈ ನೀರನ್ನು ಕೂಡಲೇ ಹೀರಿಕೊಳ್ಳುತ್ತದೆ. ಕುಂಚ ಒಂದು ಗಳಿಗೆ ತಡೆದರೆ ಅಲ್ಲಿ ಬಣ್ಣ ದಪ್ಪ, ಎತ್ತಿ ಇಟ್ಟರೆ ಅಲ್ಲಿ ಗಂಟು. ಅಳಿಸಲು ಬರುವುದಿಲ್ಲ. ಆದ್ದರಿಂದ ಬಳ್ಳಿಯ ಗೆರೆಯನ್ನು ಭೂತಗನ್ನಡಿ ಹಿಡಿದು ಹಿಂಬಾಲಿಸಿ. ಅಕ್ಕಸಾಲಿಗರು ಬಳಸುವ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಗಾಜು ಸಾಕು. ಗೆರೆ ಶುರುವಾಗುವಲ್ಲಿ ದಪ್ಪ, ತಿರುವಿನಲ್ಲಿ ಗಾಢ, ಮುಗಿಯುವಲ್ಲಿ ಬಾಲದಂತೆ ಸಣ್ಣಗೆ ಆಗಿದ್ದರೆ ಅದು ಕೈ. ಮೊದಲು ಗಾಢ ಗೆರೆಯಿಂದ ಹೊರರೇಖೆ, ಆಮೇಲೆ ತೆಳು ನೀಲಿ ನೀರಿನಿಂದ ಒಳಗೆ ತುಂಬಿಸುವುದು, ಹೀಗೆ ಎರಡು ಹಂತ. ತುಂಬಿದ್ದು ಅಲ್ಲಲ್ಲಿ ಗೆರೆ ದಾಟಿರುತ್ತದೆ. ಇವೆರಡನ್ನು ಒಬ್ಬನೇ ಮಾಡುತ್ತಿರಲಿಲ್ಲ. ಗೆರೆಯವನು ಬೇರೆ, ತುಂಬುವವನು ಬೇರೆ. ಜಿಂಗ್‌ಡೆಜೆನ್‌ನಲ್ಲಿದ್ದ ದಾಂತ್ರಕೋಲ್ ಎಂಬ ಫ್ರೆಂಚ್ ಪಾದ್ರಿ 1712ರಲ್ಲಿ ಬರೆದ ಪತ್ರದಲ್ಲಿ, ಒಂದು ಪಾತ್ರೆ ಎಪ್ಪತ್ತು ಜನರ ಕೈ ದಾಟುತ್ತದೆಂದು ಅಲ್ಲಿ ಹೇಳುತ್ತಾರೆ ಎಂದಿದ್ದಾನೆ.

ನೀಲಿಯ ಬಗೆಯೂ ಮಾತಾಡುತ್ತದೆ. ಅದಿರಿನಲ್ಲಿ ಮ್ಯಾಂಗನೀಸ್ ಹೆಚ್ಚಿದ್ದರೆ ಬೂದಿ ಬೆರೆತ ನೀಲಿ. ಕಬ್ಬಿಣ ಹೆಚ್ಚಿದ್ದು ಬಣ್ಣ ದಪ್ಪವಾದರೆ ಮೇಲಕ್ಕೆ ತೂರಿ ಬಂದ ಕಪ್ಪು ಚುಕ್ಕೆ. ಎಲ್ಲ ಕಡೆ ಒಂದೇ ಸಮನಾಗಿ, ನೇರಳೆ ಹೊಡೆಯುವಂತಿದ್ದರೆ ಕಾರ್ಖಾನೆಯಲ್ಲಿ ಶುದ್ಧಮಾಡಿದ ಕೋಬಾಲ್ಟ್. ಅದು ಬಳಕೆಗೆ ಬಂದದ್ದು 19ನೇ ಶತಮಾನದ ಕೊನೆಯ ಹೊತ್ತಿಗೆ. ಕಾವು ಹೆಚ್ಚಾದರೆ ಗೆರೆ ಗ್ಲೇಜಿನೊಳಗೆ ಹರಡಿ ಮಬ್ಬಾಗುತ್ತದೆ. ಒಲೆಯೊಳಗೆ ಗಾಳಿ ಹೆಚ್ಚಾದರೆ ಬಿಳಿ ಹಳದಿಗೆ ತಿರುಗುತ್ತದೆ; ಗಾಳಿ ತಡೆದು ಹೊಗೆಯಲ್ಲಿ ಸುಟ್ಟಾಗ ಮಾತ್ರ ಆ ಹಾಲಿನ ಕೆನೆಯ ಮೇಲಿನ ತಿಳಿನೀಲಿ ಛಾಯೆ ಬರುತ್ತದೆ.

ಒಂದು ಸಂಶಯ ನಿಮಗೆ ಬಂದೇ ಬರುತ್ತದೆ. ಚೀನಾದಲ್ಲಿ ಮದುವೆಯ ಬಣ್ಣ ಕೆಂಪು. ಹಾಗಿದ್ದರೆ ಮದುವೆಯ ಅಕ್ಷರ ನೀಲಿಯಲ್ಲೇಕೆ? ಗ್ಲೇಜಿನ ಕೆಳಗೆ 1300 ಡಿಗ್ರಿ ತಾಳುವ ಬಣ್ಣ ಬಹಳ ಇಲ್ಲ. ತಾಮ್ರದಿಂದ ಕೆಂಪು ಬರುತ್ತದೆ, ಆದರೆ ಅದು ಹಟಮಾರಿ: ಗಾಳಿ ಸ್ವಲ್ಪ ಹೆಚ್ಚುಕಡಿಮೆಯಾದರೆ ಹಸಿರಾಗುತ್ತದೆ, ಬೂದಿಯಾಗುತ್ತದೆ, ಇಲ್ಲವೇ ಹಾರಿಹೋಗುತ್ತದೆ. ಕೋಬಾಲ್ಟ್ ಹಾಗಲ್ಲ, ಗ್ಲೇಜಿನಲ್ಲಿ ನೂರಕ್ಕೆ ಅರ್ಧ ಪಾಲಿದ್ದರೂ ಗಾಢ ನೀಲಿ ಕೊಡುತ್ತದೆ. ಬಣ್ಣವನ್ನು ಇಲ್ಲಿ ಆರಿಸಿದ್ದು ಬೆಂಕಿ. ಬಣ್ಣ ಹೇಳಲಾರದ ಮಂಗಳವನ್ನು ಅಕ್ಷರ ಮತ್ತು ಬಳ್ಳಿ ಹೇಳಬೇಕಾಯಿತು.

ಬಳ್ಳಿಯನ್ನು ನೋಡಲು ಒಂದು ಉಪಾಯ. ಜಾಡಿಯನ್ನು ಒಂದೇ ದಿಕ್ಕಿಗೆ ನಿಧಾನ ತಿರುಗಿಸುತ್ತ, ಬರೆದವನು ಎಲ್ಲಿ ಶುರುಮಾಡಿ ಎಲ್ಲಿ ಮುಗಿಸಿದ ಎಂದು ಹುಡುಕಿ. ದುಂಡು ಮೈಮೇಲೆ ಬಳ್ಳಿ ತನ್ನನ್ನೇ ಬಂದು ಸೇರಬೇಕು. ಅಂಗಳದ ರಂಗೋಲಿ ಮುಚ್ಚುವಾಗ ಕೊನೆಯ ಎಳೆ ಕೂಡದಿದ್ದರೆ ತುಸು ಎಳೆದು, ತುಸು ಹಿಗ್ಗಿಸಿ ಕೂಡಿಸುತ್ತೇವೆ. ಇಲ್ಲಿಯೂ ಎಲ್ಲೋ ಒಂದು ಕಡೆ ಎಲೆಗಳು ಇಕ್ಕಟ್ಟಾಗಿರುತ್ತವೆ, ಇಲ್ಲವೇ ತುಂಬಲೆಂದು ಒಂದು ಹೆಚ್ಚಿನ ಸುರುಳಿ ಬಂದಿರುತ್ತದೆ. ಆ ಇಕ್ಕಟ್ಟು ಸಿಕ್ಕಿತೆಂದರೆ ಬರೆದವನ ಪಕ್ಕ ಕುಳಿತಂತೆ. ಮುದ್ರಿಸಿದ ಕಾಗದ ಅಂಟಿಸಿದ ಜಾಡಿಯಲ್ಲಿ ಹೀಗಿರುವುದಿಲ್ಲ. ಅಲ್ಲಿ ಹೂವೇ ಅರ್ಧಕ್ಕೆ ಕತ್ತರಿಸಿಹೋಗಿರುತ್ತದೆ, ಗಾಜಿನಲ್ಲಿ ನೋಡಿದರೆ ಬಣ್ಣ ಪತ್ರಿಕೆಯ ಚಿತ್ರದಂತೆ ಚುಕ್ಕೆಚುಕ್ಕೆ.

ಬಿಳಿ ಜಾಗವನ್ನೂ ನೋಡಿ. ಇರಕಲ್ ಸೀರೆಯ ಕಸೂತಿಯಲ್ಲಿ ಗೋಪುರ, ತೇರು, ಆನೆಗಳ ನಡುವೆ ಬಿಟ್ಟ ಬಟ್ಟೆಯೂ ಎಣಿಕೆಯದೇ ಅಲ್ಲವೇ? ಹಾಗೆಯೇ ಒಳ್ಳೆಯ ಜಾಡಿಯಲ್ಲಿ ಅಕ್ಷರದ ಸುತ್ತ ಉಸಿರಾಡಲು ಬಿಳಿ ಬಿಟ್ಟಿರುತ್ತಾರೆ. ಅವಸರದ ಕೆಲಸದಲ್ಲಿ ಬಳ್ಳಿ ಅಕ್ಷರವನ್ನು ನುಂಗುತ್ತದೆ.

ಈಗ ಅರ್ಥ. ಇಲ್ಲೊಂದು ಕೀಲಿ ಬೇಕು. ನಮ್ಮ ಕಸೂತಿಯಲ್ಲಿ ತೇರು ಅಂದರೆ ತೇರು, ತುಳಸಿಕಟ್ಟೆ ಅಂದರೆ ತುಳಸಿಕಟ್ಟೆ. ಚೀನಾದ ಚಿತ್ರ ಬಹಳ ಸಲ ಕಿವಿಯಿಂದ ಓದಬೇಕಾದದ್ದು. ಯಾರಾದರೂ ಐದು ಮುತ್ತು ಬರೆದು 'ಮುತ್ತೈದೆ'ಯಾಗು ಎಂದು ಹರಸಿದರು ಅಂತ ಇಟ್ಟುಕೊಳ್ಳಿ, ಅಂಥ ಶಬ್ದದಾಟ. ಬಾವಲಿಯನ್ನು ಅವರು 'ಫು' ಎನ್ನುತ್ತಾರೆ, ಭಾಗ್ಯಕ್ಕೂ 'ಫು' ಎಂಬ ಶಬ್ದವಿದೆ. ಆದ್ದರಿಂದ ನಾವು ಮನೆಯೊಳಗೆ ಬಂದರೆ ಓಡಿಸುವ ಬಾವಲಿ ಅವರ ಪಿಂಗಾಣಿಯ ಮೇಲೆ ಭಾಗ್ಯ. ಮೀನು 'ಯು', ಮಿಗಿತಕ್ಕೂ 'ಯು', ಅಂದರೆ ಮನೆಯಲ್ಲಿ ಉಂಡು ಮಿಗಲಿ. ಹೂದಾನಿ 'ಪಿಂಗ್', ನೆಮ್ಮದಿಯೂ 'ಪಿಂಗ್'.

ನಿಮ್ಮ ಜೋಡಿ ಅಕ್ಷರದ ಹೆಸರು 'ಶುವಾಂಗ್ ಶಿ'. 'ಶಿ' ಅಂದರೆ ಸಂತೋಷ. ಆ ಒಂದೇ ಅಕ್ಷರವನ್ನು ಎರಡು ಸಲ ಪಕ್ಕಪಕ್ಕ ಬರೆದು, ಅಡ್ಡಗೆರೆಗಳನ್ನು ಕೂಡಿಸಿ ಒಂದು ಮಾಡಿದ್ದಾರೆ. ಅದಕ್ಕೇ ನಿಮಗೆ ಏಣಿಯಂತೆ ಕಂಡಿದೆ. ಇಬ್ಬರ ಸಂತೋಷ ಒಂದೇ ಅಕ್ಷರವಾಗಿದೆ. ಎಡ-ಬಲ ಒಂದೇ ಬಗೆ ಇರುವುದರಿಂದ ದುಂಡು ಜಾಡಿಯ ಮೇಲೆ ಅದು ಚೆನ್ನಾಗಿ ಕೂರುತ್ತದೆ, ಓದಲು ಬಾರದವರಿಗೂ ಗುರುತಾಗುತ್ತದೆ. ಇಂಥ ಜಾಡಿಗಳನ್ನು ಜೋಡಿಯಾಗಿಯೂ ಮಾಡುತ್ತಿದ್ದರು.

ಸುತ್ತಲಿನ ಬಳ್ಳಿ ಕಮಲದ್ದಾಗಿರಬೇಕು. ಎಲೆ ಮಾತ್ರ ಕಮಲದ ಎಲೆಯಂತೆ ಇರುವುದಿಲ್ಲ, ಉಗುರಿನಂತೆ ಸಣ್ಣ ಕೊಕ್ಕೆಗಳಿರುತ್ತವೆ. ಹೂವಿನ ದಳ ನೋಡಿ ಗುರುತಿಸಿ. ಕಮಲಕ್ಕೆ ಅವರ ಒಂದು ಹೆಸರು 'ಲಿಯೆನ್', ಎಡೆಬಿಡದೆ ಮುಂದುವರಿಯುವುದಕ್ಕೂ ಅದೇ ಉಚ್ಚಾರ. ಬಳ್ಳಿಗೆ ತುದಿಯಿಲ್ಲ, ಜಾಡಿಯನ್ನು ಸುತ್ತಿ ಮತ್ತೆ ಶುರುವಾಗುತ್ತದೆ. ಸಂತೋಷ ಕಡಿಯದಿರಲಿ, ವಂಶ ಕಡಿಯದಿರಲಿ ಎಂಬ ಮಾತು ಅದು. ಬಳ್ಳಿಯ ಬದಲು ನಿಮ್ಮ ಜಾಡಿಯಲ್ಲಿ ಎಲೆಯಿಲ್ಲದ ಕೊಂಬೆಯ ಮೇಲೆ ಐದೆಸಳಿನ ಬಿಳಿ ಹೂ, ಹಿಂದೆ ಒಡೆದ ಗಾಜಿನಂಥ ನೀಲಿ ಗೆರೆ ಇದ್ದಿದ್ದರೆ ಅದು ಚಳಿಯ ಕೊನೆಗೆ ಅರಳುವ ಪ್ಲಮ್ ಹೂ ಮತ್ತು ಬಿರಿಯುವ ಮಂಜುಗಡ್ಡೆ, ಹೊಸ ವರ್ಷದ ಗುರುತು. ಭುಜದ ಸುತ್ತ ಮೋಡದ ಅಂಚಿನಂಥ ಕಮಾನುಗಳ ಸಾಲು ಕಂಡರೆ ಅದು 'ರೂಯಿ', 'ಬಯಸಿದಂತಾಗಲಿ' ಎಂಬ ಹಾರೈಕೆ.

ನಮ್ಮ ಕಡೆಯ ಓದುಗರಿಗೆ ಇದನ್ನು ಹೇಳುವುದು ಸುಲಭ, ಯಾಕೆಂದರೆ ಮದುವೆಯ ಚಿತ್ತಾರದ ಮಡಕೆ ನಮ್ಮಲ್ಲೂ ಇದೆ. ಐರಾಣಿ. ಮುತ್ತೈದೆಯರು ಕುಂಬಾರರ ಮನೆಗೆ ಹೋಗಿ, ಪೂಜೆ ಮಾಡಿ, ಸುಣ್ಣ-ಕೆಮ್ಮಣ್ಣಿನ ಗೆರೆ ಬರೆದ ಗಡಿಗೆಗಳನ್ನು ಮದುವೆ ಮನೆಗೆ ತರುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಹೆಚ್ಚು ಗೊತ್ತಾಗುತ್ತದೆ. ಐರಾಣಿಯ ಬಣ್ಣ ಸುಟ್ಟ ಮೇಲೆ ಬಳಿದದ್ದು, ಒದ್ದೆ ಕೈ ತಾಗಿದರೆ ಹೋಗುತ್ತದೆ. ಅದು ಆ ಮದುವೆಗಷ್ಟೇ; ಮುಂದಿನ ಮದುವೆಗೆ ಮತ್ತೆ ಕುಂಬಾರರ ಮನೆಗೇ ಹೋಗಬೇಕು. ಜಾಡಿಯ ಬಣ್ಣ ಗ್ಲೇಜಿನ ಕೆಳಗೆ ಸೇರಿಹೋಗಿದೆ, ಉಗುರಿನಿಂದ ಗೀರಿದರೂ ಸಿಗುವುದಿಲ್ಲ. ಮದುವೆ ಮುಗಿದ ಮೇಲೂ ಮನೆಯ ಕಪಾಟಿನಲ್ಲಿ ಉಳಿಯಲಿ ಎಂದೇ ಮಾಡಿದ್ದು. ಒಂದರ ಮಂಗಳ ತರುವ ಕ್ರಿಯೆಯಲ್ಲಿದೆ, ಇನ್ನೊಂದರದು ಉಳಿಯುವುದರಲ್ಲಿ. ಪಿಂಗಾಣಿ ಹೆಚ್ಚು, ಮಣ್ಣು ಕಡಿಮೆ ಎಂದು ತೂಗಬಾರದು. ಐರಾಣಿಯ ಗೆರೆ ಮೇಲುಮೇಲಿನದಾಗಿರುವುದು ಕುಶಲತೆಯ ಕೊರತೆಯಿಂದಲ್ಲ, ಅದರ ಕೆಲಸವೇ ಅಷ್ಟು ದಿನದ್ದು.

ತಳದ ನಾಲ್ಕು ಅಕ್ಷರ. ಇಂಥ ಜಾಡಿಗಳಲ್ಲಿ ಅತಿ ಹೆಚ್ಚು ಕಾಣುವುದು 'ಕಾಂಗ್‌ಶಿ ನಿಯೆನ್ ಝಿ', ಕಾಂಗ್‌ಶಿ ದೊರೆಯ ಕಾಲದಲ್ಲಿ ಮಾಡಿದ್ದು ಎಂದು. ಬಲಗಡೆಯ ಸಾಲನ್ನು ಮೇಲಿಂದ ಕೆಳಕ್ಕೆ ಓದಿ, ಆಮೇಲೆ ಎಡಗಡೆಯದು. ಆ ದೊರೆ ಆಳಿದ್ದು 1662ರಿಂದ 1722. ಆದರೆ ಇದನ್ನು ನಂಬಿ ಮುನ್ನೂರು ವರ್ಷದ ಜಾಡಿ ಎಂದು ಯಾರಿಗೂ ಹೇಳಬೇಡಿ. 19ನೇ ಶತಮಾನದಲ್ಲಿ, ಅದರಲ್ಲೂ 1875ರಿಂದ 1908ರ ಗುವಾಂಗ್‌ಶು ಆಳ್ವಿಕೆಯಲ್ಲಿ, ಹಳೆಯದರ ಮೇಲಿನ ಗೌರವದಿಂದ ಈ ಗುರುತನ್ನು ರಾಶಿರಾಶಿ ಜಾಡಿಗಳ ಮೇಲೆ ಬರೆದರು. 1677ರಲ್ಲಂತೂ ಜಿಂಗ್‌ಡೆಜೆನ್‌ನ ಅಧಿಕಾರಿ ದೊರೆಯ ಹೆಸರನ್ನು ಪಿಂಗಾಣಿಯ ಮೇಲೆ ಬರೆಯಬಾರದೆಂದು ತಡೆದಿದ್ದ, ಒಡೆದು ಕಸಕ್ಕೆ ಹೋದರೆ ಹೆಸರಿಗೆ ಅವಮಾನವೆಂದು. ಹಾಗಾಗಿ ನಿಜವಾಗಿ ಆ ಕಾಲದ ಎಷ್ಟೋ ಪಾತ್ರೆಗಳ ತಳದಲ್ಲಿ ಬರೀ ಎರಡು ಉಂಗುರ, ಒಳಗೆ ಏನೂ ಇಲ್ಲ. ಇಂಗ್ಲಿಷಿನಲ್ಲಿ 'ಚೈನಾ' ಎಂದಿದ್ದರೆ 1891ರ ನಂತರದ್ದು ಎಂದು ತಿಳಿಯಬಹುದು. ಆ ವರ್ಷದಿಂದ ಅಮೆರಿಕಕ್ಕೆ ಹೋಗುವ ಸರಕಿನ ಮೇಲೆ ದೇಶದ ಹೆಸರು ಕಡ್ಡಾಯವಾಯಿತು. ಅಕ್ಷರಕ್ಕಿಂತ ಪಾದ-ಉಂಗುರ ಹೆಚ್ಚು ನಂಬಿಕಸ್ತ. ಅಲ್ಲಿ ಗ್ಲೇಜ್ ಒರೆಸಿರುತ್ತಾರೆ, ಇಲ್ಲದಿದ್ದರೆ ಒಲೆಯಲ್ಲಿ ಕೆಳಗಿನ ತಟ್ಟೆಗೆ ಅಂಟಿಬಿಡುತ್ತದೆ. ಆ ಬರಿಮೈ ಹಿಟ್ಟಿನಷ್ಟು ನುಣುಪಾಗಿದೆಯೇ, ಮರಳಿನ ಕಣ ಕಚ್ಚಿದೆಯೇ, ನೂರಾರು ಸಲ ಎತ್ತಿಟ್ಟ ಸವಕಳಿ ಅಲ್ಲಲ್ಲಿ ಹೆಚ್ಚುಕಡಿಮೆ ಇದೆಯೇ ನೋಡಿ. ಸುತ್ತಲೂ ಒಂದೇ ಸಮ ಕಂದು ಬಳಿದಂತಿದ್ದರೆ ಹಳೆಯದೆಂದು ತೋರಿಸಲು ಬಳಿದದ್ದೇ ಇರಬೇಕು.

ಉಪ್ಪಿನಕಾಯಿ ಬೇಡವೆಂದದ್ದಕ್ಕೆ ಕಾರಣ: ಮುಚ್ಚಳ ಕೂರುವ ಅಂಚಿಗೂ ಪಾದಕ್ಕೂ ಗ್ಲೇಜ್ ಇಲ್ಲ. ಕಾಣದ ಬಿರುಕಿದ್ದರೆ ಉಪ್ಪುನೀರು ಒಳಗೆ ಇಳಿದು, ಒಣಗಿ ಹರಳುಗಟ್ಟಿ, ಗ್ಲೇಜನ್ನು ಒಳಗಿನಿಂದ ಎತ್ತುತ್ತದೆ. ಎಣ್ಣೆ-ಖಾರದ ಹಳದಿ ಕಲೆ ಕುಳಿತರೆ ಹೋಗುವುದಿಲ್ಲ. ಇನ್ನು ಮೈಮೇಲೆ ಕೆಂಪು, ಹಸಿರು, ಬಂಗಾರದ ಬಣ್ಣ ಬೆರಳಿಗೆ ಉಬ್ಬಾಗಿ ಸಿಕ್ಕರೆ ಅದು ಗ್ಲೇಜಿನ ಮೇಲೆ ಬಳಿದ ಬಣ್ಣ. ಹಳೆಯ ಅಂಥ ಬಣ್ಣಗಳಲ್ಲಿ ಸೀಸ ಇರುತ್ತದೆ, ಲಿಂಬೆ-ಮಾವಿನ ಹುಳಿಗೆ ಬಿಟ್ಟುಕೊಳ್ಳುತ್ತದೆ. ಉಪ್ಪಿನಕಾಯಿಗೆ ದಪ್ಪ ಕಂದು-ಬಿಳಿ ಬರಣಿಯೇ ಸರಿ.

ತೊಳೆಯುವುದಾದರೆ ಪ್ಲಾಸ್ಟಿಕ್ ಬುಟ್ಟಿಯ ತಳಕ್ಕೆ ಟವೆಲ್ ಹಾಸಿ, ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಮೆತ್ತನೆಯ ಸೋಪು. ಹತ್ತಿ ಬಟ್ಟೆ, ಮೆದು ಬ್ರಶ್ ಸಾಕು. ಹುಣಸೆಹಣ್ಣು, ಬೂದಿ, ತಂತಿಬಲೆ, ಬ್ಲೀಚ್ ಯಾವುದೂ ಬೇಡ. ಬಿಸಿನೀರಿನಿಂದ ತಣ್ಣೀರಿಗೆ ಹಾಕಬೇಡಿ, ಸುಮ್ಮನಿದ್ದ ಬಿರುಕು ಓಡುತ್ತದೆ. ಬೋರ್ ನೀರಿನಲ್ಲಿ ತೊಳೆದರೆ ಬಿಳಿ ಪೊರೆ ಕೂರುತ್ತದೆ, ಕೊನೆಗೆ ಫಿಲ್ಟರ್ ನೀರು ಹನಿಸಿ ಒರೆಸಿ. ತೊಳೆಯುವ ಮೊದಲು ಮೈಯನ್ನು ತುಟಿಗೆ ಅಥವಾ ಕೆನ್ನೆಗೆ ತಾಗಿಸಿ ನೋಡಿ. ಪಿಂಗಾಣಿ ಎಲ್ಲ ಕಡೆ ತಣ್ಣಗಿರಬೇಕು. ಒಂದು ಜಾಗ ಮಾತ್ರ ಬೆಚ್ಚಗೆ, ಮೆತ್ತಗೆ ಅನಿಸಿದರೆ ಅಲ್ಲಿ ಯಾರೋ ಅಂಟು ತುಂಬಿ ಬಣ್ಣ ಬಳಿದಿದ್ದಾರೆ, ಅಲ್ಲಿಗೆ ನೀರು ತಾಗಿಸಬೇಡಿ.

ಒಣಗಿದ ಮೇಲೆ ಮುಚ್ಚಳ ಇಟ್ಟು ಮೆಲ್ಲಗೆ ತಿರುಗಿಸಿ. ಒಂದು ಕಡೆ ಗಡಗಡ ಎನ್ನುತ್ತದೆ, ಇನ್ನೊಂದು ಕಡೆ ತೆಪ್ಪಗೆ ಕೂರುತ್ತದೆ. ಕೂರುವ ಜಾಗದಲ್ಲಿ ಮುಚ್ಚಳದ ಚಿತ್ರ ಭುಜದ ಚಿತ್ರಕ್ಕೆ ಹೊಂದುತ್ತದೆಯೇ, ಎರಡರ ನೀಲಿ ಮತ್ತು ಬಿಳಿ ಒಂದೇ ಛಾಯೆಯವೇ ನೋಡಿ. ಒಂದೇ ಛಾಯೆ ಇದ್ದು ಚಿತ್ರವೂ ಹೊಂದಿದರೆ ಜಾಡಿ ಮತ್ತು ಮುಚ್ಚಳ ಒಂದೇ ಒಲೆಯಿಂದ ಬಂದು ಇಂದಿನವರೆಗೂ ಬೇರೆಯಾಗಿಲ್ಲ ಎನ್ನಲು ಒಳ್ಳೆಯ ಆಧಾರ ಸಿಕ್ಕಿತು. ಆ ಜಾಗಕ್ಕೆ ಒಳಗಡೆ ಪೆನ್ಸಿಲ್ಲಿನಿಂದ ಸಣ್ಣ ಗುರುತು ಹಾಕಿಟ್ಟುಕೊಳ್ಳಿ.